ಒಂದು ಬೇಲಿಗೂಟದ ಲೆಕ್ಕ

'ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ' ಅನ್ನೋ ಗಾದೆ ನಾವೆಲ್ಲ ಕೇಳಿದ್ದೇವೆ. ಸುಳ್ಳನಿಗೆ ಅವನಂಥವನೇ ಸಾಕ್ಷಿ ಅಂತ ಅರ್ಥ. ಆದರೆ ಓತಿಕ್ಯಾತ ಕೂತ್ಕೊಳ್ಳೋ ಆ ಗೂಟ ಎಲ್ಲಿಂದ ಬರುತ್ತೆ, ಯಾವ ಮರದ್ದು, ಎಷ್ಟು ವರ್ಷ ನಿಲ್ಲುತ್ತೆ ಅಂತ ನಾವು ಯಾವತ್ತೂ ಯೋಚನೆ ಮಾಡಿರಲಿಲ್ಲ. ಕಳೆದ ರಜೆಯಲ್ಲಿ ಯೋಚಿಸಲೇಬೇಕಾಯಿತು.

ನಮ್ಮ ಗೆಳೆಯನ ಊರು ಅಣ್ಣಿಗೇರಿ ಕಡೆ. ಅವರ ಹೊಲದಲ್ಲಿ ಕೃಷಿ ಹೊಂಡ ಇದೆ. ನಾವು ನಾಲ್ಕು ಜನ ನೋಡೋಕೆ ಹೋಗಿದ್ವಿ. ಹೊಂಡದ ಸುತ್ತ ಹಾಕಿದ್ದ ಬೇಲಿ ಒಂದು ಕಡೆ ಪೂರ್ತಿ ವಾಲಿತ್ತು. ಎರಡು ಗೂಟ ನೆಲಕ್ಕೇ ಬಿದ್ದಿದ್ದವು. ಗೆಳೆಯನ ಅಪ್ಪ ನಗುತ್ತಲೇ ಕೇಳಿದರು: "ಇಂಜಿನಿಯರಿಂಗ್ ಓದಾಕತ್ತೀರಿ, ಒಂದ ಗೂಟ ನೆಟ್ಟಗ ನಿಲ್ಲಸಾಕ ಬರ್ತದನು ನಿಮಗ?"

ನಮಗೆ ಬರ್ತಿರಲಿಲ್ಲ. ಇದು ನಗೋ ವಿಷಯವೂ ಆಗಿರಲಿಲ್ಲ. ಕೃಷಿ ಹೊಂಡದ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದು ಒದ್ದೆಯಾದರೆ ಕಾಲು ನಿಲ್ಲೋದೇ ಇಲ್ಲ. ಈಜು ಬರೋ ದೊಡ್ಡವರು ಬಿದ್ದರೂ ಹಿಡಿದು ಮೇಲೆ ಹತ್ತೋಕೆ ಏನೂ ಸಿಗಲ್ಲ. ಇನ್ನು ಮಕ್ಕಳು, ಕರು, ಕುರಿಮರಿ ಕಥೆ ಹೇಳೋದೇ ಬೇಡ. ಅಲ್ಲಿ ಬೇಲಿ ಅಂದರೆ ಬೆಳೆ ಕಾಯೋದಲ್ಲ, ಜೀವ ಕಾಯೋದು. ಹಾಗಾಗಿ ಆ ಪ್ರಶ್ನೆಗೆ ಉತ್ತರ ಹುಡುಕೋಣ ಅಂತ ಕೂತ್ವಿ. ನಮಗೆ ಅರ್ಥವಾಗಿದ್ದನ್ನು ಇಲ್ಲಿ ಬರೆದಿದ್ದೇವೆ.

ಎಷ್ಟು ಗೂಟ ಬೇಕು?

ಮೊದಲು ಸುಲಭದ ಲೆಕ್ಕ. 21 ಮೀಟರ್ ಚೌಕದ ಹೊಂಡ ಅಂದುಕೊಳ್ಳಿ. ಅಂಚಿನಿಂದ 2 ಮೀಟರ್ ಬಿಟ್ಟು ಬೇಲಿ ಹಾಕಿದರೆ ಒಂದು ಬದಿ 25 ಮೀಟರ್, ಸುತ್ತಳತೆ 100 ಮೀಟರ್. ಗೂಟದಿಂದ ಗೂಟಕ್ಕೆ 8 ಅಡಿ ಅಂತರ ಇಟ್ಟರೆ ಸುಮಾರು 41 ಗೂಟ ಬೇಕು.

ಹೊಲಕ್ಕೇ ಬೇಲಿ ಹಾಕ್ತೀವಿ ಅಂದರೆ ಲೆಕ್ಕ ಬೇರೆಯಾಗುತ್ತೆ. 660 ಅಡಿ ಚೌಕದ ಹೊಲ ಅಂದರೆ ಸರಿಯಾಗಿ 10 ಎಕರೆ. ಸುತ್ತಳತೆ 2640 ಅಡಿ, ಅಂದರೆ 330 ಗೂಟ. ಎಕರೆಗೆ 33 ಬಿತ್ತು. ಈಗ ಅದೇ ಹೊಲ ಹತ್ತು ಪಾಲಾಗಿದೆ ಅಂದುಕೊಳ್ಳಿ. ಒಬ್ಬೊಬ್ಬರಿಗೆ 66 ಅಡಿ ಅಗಲ, 660 ಅಡಿ ಉದ್ದದ ಒಂದು ಎಕರೆ ಪಟ್ಟಿ. ಅದರ ಸುತ್ತಳತೆ 1452 ಅಡಿ, ಬೇಕಾಗೋ ಗೂಟ ಸುಮಾರು 182. ಎಕರೆಗೆ 33 ಇದ್ದದ್ದು 182 ಆಯ್ತು! ಅಕ್ಕಪಕ್ಕದವರು ನಡುವಿನ ಬೇಲಿಯನ್ನು ಹಂಚಿಕೊಂಡರೂ ತಲೆಗೆ ಸುಮಾರು 107 ಬೇಕೇ ಬೇಕು.

ಅಂದರೆ ಹೊಲ ಸಣ್ಣದಾದಷ್ಟೂ, ಪಟ್ಟಿ ಉದ್ದವಾದಷ್ಟೂ ಎಕರೆಗೆ ಬೇಕಾಗೋ ಗೂಟ ಜಾಸ್ತಿ. ಸಣ್ಣ ರೈತನಿಗೆ ಬೇಲಿ ದುಬಾರಿ ಬೀಳೋದಕ್ಕೆ ಕಂಬದ ರೇಟ್ ಒಂದೇ ಕಾರಣವಲ್ಲ, ಜ್ಯಾಮಿತಿಯೂ ಕಾರಣ.

ಎರಿ ಹೊಲದಾಗ ಗೂಟ ಯಾಕೆ ನಿಲ್ಲಲ್ಲ?

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಹುಪಾಲು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಹತ್ತಿ, ಕಡಲೆ, ಜೋಳ, ಮೆಣಸಿನಕಾಯಿಗೆ ಇದು ಬಂಗಾರದಂಥ ಮಣ್ಣು. ಗೂಟಕ್ಕೆ ಮಾತ್ರ ಶತ್ರು.

ಕಪ್ಪು ಮಣ್ಣಿನಲ್ಲಿ ಜೇಡಿಯ ಅಂಶ ಜಾಸ್ತಿ. ಆ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಖನಿಜ ಇರುತ್ತೆ. ಇದರ ರಚನೆ ಪುಸ್ತಕದ ಹಾಳೆಗಳ ಥರ, ಪದರ ಪದರ. ನೀರು ಈ ಪದರಗಳ ನಡುವೆ ಹೋಗಿ ಕೂತಾಗ ಮಣ್ಣು ಉಬ್ಬುತ್ತೆ. ನೀರು ಆರಿದಾಗ ಕುಗ್ಗುತ್ತೆ. ಬೇಸಿಗೆಯಲ್ಲಿ ಈ ಕಡೆ ಹೊಲಗಳಲ್ಲಿ ಕೈ ಇಳಿಯೋವಷ್ಟು ಬಿರುಕು ಬಿಡೋದು ಇದಕ್ಕೇ.

ಗೂಟಕ್ಕೆ ಇದರಿಂದ ಎರಡು ತೊಂದರೆ. ಬೇಸಿಗೆಯಲ್ಲಿ ಮಣ್ಣು ಕುಗ್ಗಿ ಗೂಟದ ಸುತ್ತ ಸಂದಿ ಬೀಳುತ್ತೆ. ಮೇಲಿನ ಒಂದೆರಡು ಅಡಿ ಮಣ್ಣಿನ ಹಿಡಿತವೇ ಇರಲ್ಲ. ಎರಡಡಿ ಹೂತ ಗೂಟ ಆವಾಗ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತೆ. ಮಳೆಗಾಲದಲ್ಲಿ ಮೇಲಿನ ಮಣ್ಣು ಮೊದಲು ನೆನೆದು ಉಬ್ಬಿ, ಗೂಟವನ್ನು ಹಿಡಿದು ಮೇಲಕ್ಕೆ ಎತ್ತುತ್ತೆ. ಆಗ ಬುಡದ ಕೆಳಗೆ ಆಗೋ ಸಂದಿಗೆ ಮಣ್ಣು ಜಾರಿ ತುಂಬಿಕೊಳ್ಳುತ್ತೆ. ಆಮೇಲೆ ಒಣಗಿದರೂ ಗೂಟ ಮೊದಲಿದ್ದ ಜಾಗಕ್ಕೆ ಪೂರ್ತಿ ಇಳಿಯಲ್ಲ. ಹೀಗೆ ನಾಲ್ಕು ಮಳೆಗಾಲ ಕಳೆದರೆ ಗೂಟ ತಾನೇ ಎದ್ದು ಬಂದಂಗೆ ಕಾಣುತ್ತೆ.

ಇದನ್ನು ಲ್ಯಾಬ್‌ನಲ್ಲೂ ನೋಡಬಹುದು. 425 ಮೈಕ್ರಾನ್ ಜರಡಿಯಲ್ಲಿ ಇಳಿದ 10 ಗ್ರಾಂ ಒಣ ಮಣ್ಣನ್ನು ನೀರಿರೋ ಸಿಲಿಂಡರ್‌ಗೆ ಹಾಕಿ. ಇನ್ನೊಂದು 10 ಗ್ರಾಂ ಸೀಮೆಎಣ್ಣೆ ಇರೋ ಸಿಲಿಂಡರ್‌ಗೆ ಹಾಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಈ ಜೇಡಿ ಉಬ್ಬಲ್ಲ, ನೀರಿನಲ್ಲಿ ಉಬ್ಬುತ್ತೆ. ಎರಡರ ವ್ಯತ್ಯಾಸವನ್ನು ಸೀಮೆಎಣ್ಣೆಯ ಅಳತೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಫ್ರೀ ಸ್ವೆಲ್ ಇಂಡೆಕ್ಸ್ ಬರುತ್ತೆ. ಸಿವಿಲ್ ಗೆಳೆಯರಿಗೆ ಇದು ಸಿಲಬಸ್‌ನಲ್ಲೇ ಸಿಗುತ್ತೆ. ಉಳಿದವರು ಒಂದು ಸಲ ಹೋಗಿ ನೋಡಿ.

ಕಟ್ಟಡಗಳಿಗೂ ಇದೇ ತೊಂದರೆ ಇದೆ. ಅದಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಂಡರ್-ರೀಮ್ಡ್ ಪೈಲ್ ಪದ್ಧತಿಯನ್ನು ಬೆಳೆಸಿತು. ಪೈಲ್‌ನ ಬುಡದಲ್ಲಿ ಕಾಂಡಕ್ಕಿಂತ ಸಾಮಾನ್ಯವಾಗಿ ಎರಡೂವರೆ ಪಟ್ಟು ಅಗಲದ ಗೆಡ್ಡೆ ಇರುತ್ತೆ. ಮೇಲಿನ ಮಣ್ಣು ಎತ್ತಿದರೂ ಕೆಳಗಿನ ಗೆಡ್ಡೆ ಬಿಡಲ್ಲ.

ಗೂಟಕ್ಕೂ ಇದೇ ಬುದ್ಧಿ ನಡೆಯುತ್ತೆ. ಗುಂಡಿ ಮೂರಡಿ ತೆಗೆಯಬೇಕು. ಗೂಟದ ಬುಡಕ್ಕೆ ಒಂದು ಅಡ್ಡ ತುಂಡು ಬಡಿಯಬೇಕು, ಅದೇ ನಮ್ಮ ಗೆಡ್ಡೆ. ಗುಂಡಿಗೆ ಅದೇ ಎರಿ ಮಣ್ಣನ್ನು ವಾಪಸ್ ತುಂಬಬಾರದು, ಗರಸು ಮತ್ತು ಕಲ್ಲು ತುಂಬಿ ದಮ್ಮಸು ಮಾಡಬೇಕು. ಗರಸು ಉಬ್ಬಲ್ಲ, ಕುಗ್ಗಲ್ಲ. ಆದರೆ ಒಂದು ಎಚ್ಚರಿಕೆ. ಸುತ್ತ ಜೇಡಿ, ನಡುವೆ ಗರಸು ಇದ್ದರೆ ಆ ಗುಂಡಿ ನೀರು ನಿಲ್ಲೋ ಲೋಟ ಆಗುತ್ತೆ. ಅದಕ್ಕೆ ಮೇಲ್ಗಡೆ ಮಣ್ಣನ್ನು ಗೂಟದ ಸುತ್ತ ಗುಡ್ಡೆ ಥರ ಏರಿಸಿ, ನೀರು ಹೊರಗೆ ಹರಿಯೋ ಹಾಗೆ ಮಾಡಬೇಕು.

ಮುರಿಯೋದು ಯಾವಾಗಲೂ ನೆಲದ ಮಟ್ಟಕ್ಕೇ ಯಾಕೆ?

ಬಿದ್ದಿದ್ದ ಎರಡು ಗೂಟಗಳಲ್ಲಿ ಒಂದು ಕಿತ್ತು ಬಂದಿತ್ತು, ಇನ್ನೊಂದು ಮುರಿದಿತ್ತು. ಮುರಿದಿದ್ದು ಸರಿಯಾಗಿ ನೆಲದ ಮಟ್ಟದಲ್ಲಿ. ಕೆಳಗಿನ ತುಂಡು ಗಟ್ಟಿ ಇತ್ತು, ಮೇಲಿನದ್ದೂ ಗಟ್ಟಿ ಇತ್ತು.

ಮರ ಕೊಳೆಸೋ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ತೇವ ಇದೆ, ಗಾಳಿ ಕಡಿಮೆ. ಮೇಲೆ ಗಾಳಿ ಇದೆ, ತೇವ ನಿಲ್ಲಲ್ಲ. ನೆಲದ ಮಟ್ಟದಲ್ಲಿ ಮಾತ್ರ ಎರಡೂ ಸಿಗುತ್ತೆ. ಗೆದ್ದಲು ಒಳಗೆ ಬರೋದೂ ಅಲ್ಲಿಂದಲೇ. ಜೊತೆಗೆ ತಂತಿಯ ಎಳೆತದಿಂದ ಬೆಂಡಿಂಗ್ ಮೊಮೆಂಟ್ ಜಾಸ್ತಿ ಬೀಳೋದೂ ಹೆಚ್ಚುಕಡಿಮೆ ಅಲ್ಲೇ. ಅಂದರೆ ಗೂಟ ಎಲ್ಲಿ ಗಟ್ಟಿ ಇರಬೇಕೋ ಅಲ್ಲೇ ಮೆತ್ತಗಾಗುತ್ತೆ.

ಎಷ್ಟು ಮೆತ್ತಗೆ? ದುಂಡನೆ ಗೂಟದ ಬಾಗುವ ಬಲ ವ್ಯಾಸದ ಘನಕ್ಕೆ ತಕ್ಕಂತೆ ಬದಲಾಗುತ್ತೆ. 3 ಇಂಚಿನ ಗೂಟದ ಸುತ್ತ ಅರ್ಧ ಇಂಚು ಕೊಳೆತರೆ ಉಳಿಯೋದು 2 ಇಂಚು. ನೋಡೋಕೆ ಮೂರರಲ್ಲಿ ಎರಡು ಪಾಲು ಉಳಿದಂಗೆ ಕಾಣುತ್ತೆ. ಬಲ ಮಾತ್ರ 27ರಲ್ಲಿ 8 ಪಾಲು, ಅಂದರೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಎಲ್ಲ ಗೂಟದ ಮೇಲೂ ಒಂದೇ ಭಾರ ಬೀಳಲ್ಲ ಅನ್ನೋದನ್ನೂ ಗಮನಿಸಬೇಕು. ನಾಲ್ಕು ಎಳೆ ತಂತಿ 1, 2, 3, 4 ಅಡಿ ಎತ್ತರದಲ್ಲಿವೆ, ಒಂದೊಂದು 50 ಕೆಜಿ ಬಿಗಿಯಲ್ಲಿದೆ ಅಂತ ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಸಾಲಿನ ಕೊನೆಯ ಗೂಟದ ಬುಡಕ್ಕೆ 500 ಕೆಜಿ-ಅಡಿ ಮೊಮೆಂಟ್ ಬೀಳುತ್ತೆ. 4 ಅಡಿ ಎತ್ತರದಲ್ಲಿ 125 ಕೆಜಿ ಎಳೆದ ಹಾಗೆ. ಮೂಲೆ ಗೂಟಕ್ಕೆ ಎರಡು ಕಡೆಯಿಂದ ಎಳೆತ, ಒಟ್ಟು ಸುಮಾರು 177 ಕೆಜಿ. ನಡುವಿನ ಗೂಟಗಳಿಗೆ ಎರಡೂ ಬದಿಯ ಎಳೆತ ಒಂದಕ್ಕೊಂದು ಕಳೆದುಹೋಗುತ್ತೆ. ಅವು ತಂತಿಯನ್ನು ಎತ್ತಿ ಹಿಡಿದರೆ ಸಾಕು. ಹಾಗಾಗಿ 41 ಗೂಟವೂ ಭಾರಿ ಇರಬೇಕಿಲ್ಲ. ನಾಲ್ಕು ಮೂಲೆ ಮತ್ತು ಗೇಟಿನ ಎರಡು ಮಾತ್ರ ಭಾರಿ ಇರಬೇಕು, ಅವಕ್ಕೆ ಓರೆ ಆಸರೆ ಕೊಡಬೇಕು. ಉಳಿದ 35 ಸಾಧಾರಣ ಗೂಟ ಆದರೂ ನಡೆಯುತ್ತೆ. ಗೆಳೆಯನ ಮನೆಯವರು ಎಲ್ಲ ಕಡೆ ಒಂದೇ ದಪ್ಪದ ಗೂಟ ಹಾಕಿದ್ದರು. ಮೂಲೆ ಮೊದಲು ವಾಲಿ, ತಂತಿ ಸಡಿಲಾಗಿ, ಉಳಿದವು ಅದರ ಹಿಂದೆ ಹೋಗಿದ್ದವು.

ಹಾಗಾದರೆ ಗೂಟ ಎಲ್ಲಿಂದ?

ಒಂದೇ ಜಿಲ್ಲೆಯಾದರೂ ಕಲಘಟಗಿಗೂ ನವಲಗುಂದಕ್ಕೂ ಇಲ್ಲಿ ಬಹಳ ವ್ಯತ್ಯಾಸ.

ಕಲಘಟಗಿ ಕಡೆ ಮಳೆ ಜಾಸ್ತಿ, ಮಣ್ಣು ಕೆಂಪು, ಪಕ್ಕದಲ್ಲೇ ಉತ್ತರ ಕನ್ನಡದ ಕಾಡು. ಬಣ್ಣದ ಮರದ ತೊಟ್ಟಿಲಿಗೆ ಹೆಸರಾದ ಊರು ಅದು. ಅಲ್ಲಿ ಸಾಗವಾನಿ, ಬಿದಿರು ಬೆಳೆಯುತ್ತೆ. ಗ್ಲಿರಿಸಿಡಿಯಾ ಅನ್ನೋ ಗೊಬ್ಬರದ ಗಿಡವೂ ಚೆನ್ನಾಗಿ ಬರುತ್ತೆ. ಸಾಗವಾನಿಯ ಒಳಗಿನ ಚೇಗು ಗೆದ್ದಲಿಗೆ ಸುಲಭಕ್ಕೆ ಬಗ್ಗಲ್ಲ. ಆದರೆ ಎಳೆ ಮರದಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿ ಭಾಗವೇ ಜಾಸ್ತಿ. ಆ ಬಿಳಿ ಭಾಗ ಬೇಗ ಹಾಳಾಗುತ್ತೆ. 'ಸಾಗವಾನಿ ಗೂಟ' ಅಂತ ಹೆಸರು ಕೇಳಿ ತಗೊಂಡರೆ ಮೋಸ ಹೋಗ್ತೀವಿ, ಕಡಿದ ತುದಿಯಲ್ಲಿ ಚೇಗು ಎಷ್ಟಿದೆ ಅಂತ ನೋಡಬೇಕು.

ಎರಿ ನಾಡಿನಲ್ಲಿ ಮರಗಳೇ ಕಡಿಮೆ. ಅಲ್ಲಿಯ ಹಳೇ ಗೂಟದ ಮರ ಜಾಲಿ, ಅಂದರೆ ಕರಿಜಾಲಿ. ವಡ್ಡಿನ ಮೇಲೆ, ಹಳ್ಳದ ದಂಡೆಗೆ, ಕೆರೆಯಂಗಳದಲ್ಲಿ ಬೆಳೆಯುತ್ತೆ. ನೀರು ನಿಂತರೂ ತಡೆಯುತ್ತೆ, ಬರ ಬಂದರೂ ತಡೆಯುತ್ತೆ. ಕಟ್ಟಿಗೆ ಬಲು ಗಟ್ಟಿ. ರಂಟಿ, ಕುಂಟಿ, ಬಂಡಿಯ ಭಾಗಗಳನ್ನೆಲ್ಲ ಇದರಿಂದಲೇ ಮಾಡ್ತಿದ್ದರು. ತೊಗಟೆ ಚರ್ಮ ಹದ ಮಾಡೋಕೆ, ಕಾಯಿ ಆಡಿಗೆ, ಮುಳ್ಳಿನ ಟೊಂಗೆ ಬೇಲಿಗೆ. ಒಂದೇ ಮರದಲ್ಲಿ ಗೂಟವೂ ಇತ್ತು, ಮುಳ್ಳೂ ಇತ್ತು. ಟ್ರ್ಯಾಕ್ಟರ್ ತಿರುಗೋಕೆ ಅಡ್ಡ ಅಂತ ವಡ್ಡು ಸಣ್ಣದಾದಲ್ಲಿ ಜಾಲಿಯೂ ಹೋಯ್ತು. "ಮೊದಲ ನಮ್ಮ ವಡ್ಡಿನ ಮ್ಯಾಲನ ಆರು ಜಾಲಿ ಇದ್ದವು, ಗೂಟಕ್ಕ ಪ್ಯಾಟಿಗಿ ಹೋಗೂದು ನಮಗ ಗೊತ್ತ ಇರಲಿಲ್ಲ" ಅಂತ ಗೆಳೆಯನ ಅಜ್ಜಿ ಹೇಳಿದರು.

ಈಗ ಅದರ ಜಾಗಕ್ಕೆ ಬಂದಿರೋದು ಬಳ್ಳಾರಿ ಜಾಲಿ. ಇದು ನಮ್ಮ ಮರವಲ್ಲ, ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಬಂದದ್ದು. ಎಲೆಯನ್ನು ದನ ತಿನ್ನಲ್ಲ, ಕಾಯಿ ತಿನ್ನುತ್ತೆ, ಸಗಣಿಯಲ್ಲಿ ಬೀಜ ಊರೆಲ್ಲ ಹರಡುತ್ತೆ. ಕಡಿದಷ್ಟೂ ಚಿಗುರುತ್ತೆ. ಗೂಟಕ್ಕೆ ಕಡಿದು ತರೋಕೆ ಒಳ್ಳೇದು, ನೆಡೋಕೆ ಒಳ್ಳೇದಲ್ಲ. ಹೊಂಡದ ಹತ್ತಿರವಂತೂ ಬೇಡವೇ ಬೇಡ.

ಕಾನೂನೂ ಸ್ವಲ್ಪ ತಿಳಿದಿರಬೇಕು. ಸರ್ಕಾರಿ ಕಾಡಿನಿಂದ ಗೂಟ ಕಡಿದು ತರೋದು ಅಪರಾಧ. ಸ್ವಂತ ಹೊಲದ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸಾಗವಾನಿಯಂಥ ಮರ ಕಡಿಯೋಕೆ ಅನುಮತಿ ಬೇಕು. ಗ್ಲಿರಿಸಿಡಿಯಾ, ಬಳ್ಳಾರಿ ಜಾಲಿ, ಸುಬಾಬುಲ್, ನೀಲಗಿರಿ, ಗಾಳಿ ಮರಗಳಿಗೆ ಆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕಾಡಿನ ಹೊರಗೆ ಬೆಳೆದ ಬಿದಿರನ್ನು ಕೇಂದ್ರ ಸರ್ಕಾರ 2017ರಲ್ಲಿ ಅರಣ್ಯ ಕಾಯ್ದೆಯ 'ಮರ' ಅನ್ನೋ ವ್ಯಾಖ್ಯೆಯಿಂದ ತೆಗೆದಿದೆ.

ಯಾವ ಮರವಾದರೂ ಬೇಸಿಗೆಯಲ್ಲಿ ಕಡಿದು, ತೊಗಟೆ ಸುಲಿದು, ನೆರಳಲ್ಲಿ ಒಣಗಿಸಿ ನೆಡೋದು ಒಳ್ಳೇದು. ತೊಗಟೆ ಬಿಟ್ಟರೆ ಅದರಡಿ ಹುಳ ಸೇರುತ್ತೆ. ಬುಡಕ್ಕೆ ಹಳೇ ಇಂಜಿನ್ ಆಯಿಲ್ ಹಚ್ಚೋ ರೂಢಿ ಇದೆ. ನೀರಿನ ಹೊಂಡದ ಪಕ್ಕ ಅದನ್ನು ಮಾಡಬಾರದು.

ಇಂಗ್ಲೆಂಡಿನವರಿಂದ ಒಂದು ಪಾಠ

ಇಷ್ಟೆಲ್ಲ ಓದಿದ ಮೇಲೂ ನಮಗೆ ಒಂದು ಅನುಮಾನ ಉಳಿದಿತ್ತು. ಎಷ್ಟೇ ಜೋಪಾನ ಮಾಡಿದರೂ ಮರದ ಗೂಟ ಒಂದು ದಿನ ಕೊಳೆಯುತ್ತೆ. ಮತ್ತೆ 41 ಗೂಟ ಎಲ್ಲಿಂದ ತರೋದು?

ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಹಳ್ಳಿಗಳ ಬೇಲಿ ಪದ್ಧತಿಯಲ್ಲಿ. ಅಲ್ಲಿ ಜೀವಂತ ಗಿಡಗಳ ಬೇಲಿ ವಯಸ್ಸಾಗಿ ಬುಡದಲ್ಲಿ ಸಂದಿ ಬಿದ್ದಾಗ, ಚಳಿಗಾಲದಲ್ಲಿ ಪ್ರತಿ ಕಾಂಡವನ್ನೂ ಬುಡದ ಹತ್ತಿರ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಸೀಳಿ, ಓರೆಯಾಗಿ ಮಲಗಿಸ್ತಾರೆ. ಸಣ್ಣ ಪಟ್ಟಿಯಷ್ಟು ತೊಗಟೆ, ಕಟ್ಟಿಗೆ ಉಳಿದಿರೋದರಿಂದ ಗಿಡ ಸಾಯಲ್ಲ, ಬುಡದಿಂದ ಹೊಸದಾಗಿ ಚಿಗುರುತ್ತೆ. ಮಲಗಿಸಿದ ಕಾಂಡಗಳನ್ನು ಹಿಡಿಯೋಕೆ ಸುಮಾರು ಒಂದೂವರೆ ಅಡಿಗೆ ಒಂದರಂತೆ ಗೂಟ ಹೊಡೆದು, ಮೇಲೆ ಉದ್ದನೆ ಬಳುಕೋ ಕೋಲುಗಳನ್ನು ಹೆಣೀತಾರೆ. ಆ ಗೂಟಕ್ಕೆ ಹೇಜಲ್ ಅನ್ನೋ ಗಿಡವನ್ನು ನೆಲಮಟ್ಟಕ್ಕೆ ಕಡಿದು, ಮತ್ತೆ ಚಿಗುರೋಕೆ ಬಿಟ್ಟು, ಕೆಲವು ವರ್ಷಕ್ಕೊಮ್ಮೆ ಕೋಲು ತೆಗೀತಾರೆ. ಅಂದರೆ ಗೂಟಕ್ಕೂ ಒಂದು ತೋಟ.

ನಮಗೆ ಮುಖ್ಯ ಅನಿಸಿದ್ದು ಇದು: ಆ ಗೂಟಗಳು ಕೆಲವೇ ವರ್ಷದಲ್ಲಿ ಕೊಳೆಯುತ್ತವೆ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಅಷ್ಟರಲ್ಲಿ ಗಿಡವೇ ಬೇಲಿ ಆಗಿರುತ್ತೆ. ನಾವು 'ಶಾಶ್ವತ ಗೂಟ' ಹುಡುಕ್ತಾ ಇದ್ವಿ. ಹುಡುಕಬೇಕಿದ್ದದ್ದು ಶಾಶ್ವತ ಬೇಲಿ. ಗೂಟದ ಡಿಸೈನ್ ಲೈಫ್ 30 ವರ್ಷ ಬೇಡ, ಗಿಡ ಬೆಳೆಯೋ ತನಕ ಸಾಕು.

ನಮ್ಮ ನೆಲದಲ್ಲಿ ಇದನ್ನು ಮಾಡೋದು ಹೇಗೆ?

ಕೆಂಪು ಮಣ್ಣಿನ ಕಲಘಟಗಿ ಕಡೆ ಸುಲಭ. ಗೂಟವೇ ಗಿಡ ಆಗಬಹುದು. ಗ್ಲಿರಿಸಿಡಿಯಾದ ಬಲಿತ ಕೊಂಬೆ, ಐದಾರು ಅಡಿ ಉದ್ದದ್ದು, ಬುಡ ಓರೆಯಾಗಿ ಕತ್ತರಿಸಿ ಮಿರಗ ಮಳೆ ಹಿಡಿಯೋ ಹೊತ್ತಿಗೆ ನೆಟ್ಟರೆ ಬೇರು ಬಿಡುತ್ತೆ. ಬೇರು ಬಿಟ್ಟ ಗೂಟ ಕೊಳೆಯಲ್ಲ, ವರ್ಷ ವರ್ಷ ದಪ್ಪ ಆಗುತ್ತೆ. ಸೊಪ್ಪು ಗೊಬ್ಬರ, ಬೇರು ಮಣ್ಣಿಗೆ ಸಾರಜನಕ ಕೊಡುತ್ತೆ. 25 ಗೂಟದಿಂದ ಶುರು ಮಾಡಿ, ಒಂದೊಂದು ಗಿಡ ಮೂರೇ ಕೋಲು ಕೊಟ್ಟರೂ ಮುಂದಿನ ಸುತ್ತಿಗೆ 75 ಆಯ್ತು. ಹಾಲಿವಾಣ, ನುಗ್ಗೆ ಕೊಂಬೆಯೂ ಹೀಗೇ ಚಿಗುರುತ್ತೆ.

ಎರಿ ಹೊಲದಲ್ಲಿ ಮಳೆಗಾಲಕ್ಕೆ ನೀರು ನಿಲ್ಲೋದರಿಂದ ಗ್ಲಿರಿಸಿಡಿಯಾವನ್ನೇ ನಂಬಿ ಕೂರೋ ಹಾಗಿಲ್ಲ. ಅಲ್ಲಿ ಎರಡು ಹಂತ ಬೇಕು. ಬೇಸಿಗೆಯಲ್ಲಿ ಸತ್ತ ಗೂಟ: ಮೂಲೆಗೆ ಮತ್ತು ಗೇಟಿಗೆ ಆರು ಕಲ್ಲುಕಂಬ, ನಡುವೆ ತೊಗಟೆ ಸುಲಿದ ಜಾಲಿ ಅಥವಾ ಬಳ್ಳಾರಿ ಜಾಲಿ ಗೂಟ, ಗುಂಡಿಗೆ ಗರಸು. ಮುಂಗಾರಿಗೆ ಬೇಲಿಯ ಹೊರಗಡೆ ಎರಡು ಸಾಲು ಸಸಿ: ಸೀಮೆ ಹುಣಸೆ, ಕವಳಿ, ಲಕ್ಕಿ. ಸಾಲಿನಲ್ಲಿ ಎರಡಡಿಗೆ ಒಂದು, ಎರಡನೇ ಸಾಲಿನದ್ದು ಮೊದಲ ಸಾಲಿನ ಸಂದಿಗೆ. 100 ಮೀಟರ್ ಅಂದರೆ 328 ಅಡಿ, ಎರಡು ಸಾಲಿಗೆ 328 ಸಸಿ. ಮೊಣಕಾಲು ಮಟ್ಟ ಬಂದಾಗ ತುದಿ ಕತ್ತರಿಸಬೇಕು, ಆಗಲೇ ಬುಡದಲ್ಲಿ ಕವಲು ಒಡೆಯೋದು. ಎಳೆ ಟೊಂಗೆಗಳನ್ನು ಬಗ್ಗಿಸಿ ಪಕ್ಕದ ಗಿಡಕ್ಕೆ ಹೆಣೆಯಬಹುದು. ಜೊತೆಗೆ ವಡ್ಡಿನ ಮೇಲೆ ನಾಲ್ಕು ಕರಿಜಾಲಿ ಬಿಡಬೇಕು, ಮುಂದಿನ ಗೂಟ ಅಲ್ಲಿವೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಕಡಿಮೆ ದರಕ್ಕೆ ಸಿಗುತ್ತೆ, ಬದುಕಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ಯಾವ ಜಾತಿಯ ಸಸಿ ಇದೆ ಅಂತ ಹತ್ತಿರದ ನರ್ಸರಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ಗೂಟ ಸಿಗಲಿಲ್ಲ, ಹಂದಿ ಕಾಟ ತಡೆಯೋಕಾಗಲಿಲ್ಲ ಅಂತ ಕೆಲವರು ಬೇಲಿ ತಂತಿಗೆ ಮನೆಯ ಕರೆಂಟ್ ನೇರ ಕೊಡ್ತಾರೆ. ಇದು ಅಪರಾಧ, ಮತ್ತು ಇದರಿಂದ ಜನ ಸತ್ತಿದ್ದಾರೆ. ಸೋಲಾರ್ ಬೇಲಿಯ ಯಂತ್ರ ಸೆಕೆಂಡಿಗೆ ಒಂದು ಸಲಕ್ಕಿಂತ ಜಾಸ್ತಿ ಅಲ್ಲದ ಹಾಗೆ, ಕ್ಷಣಮಾತ್ರದ ಹೊಡೆತ ಕೊಡುತ್ತೆ, ನಡುವೆ ಕೈ ಬಿಡಿಸಿಕೊಳ್ಳೋಕೆ ಸಮಯ ಸಿಗುತ್ತೆ. 230 ವೋಲ್ಟ್ ನಿರಂತರ ಹರಿದಾಗ ಸ್ನಾಯು ಬಿಗಿದು ಕೈ ಬಿಡೋದೇ ಇಲ್ಲ. ನಮ್ಮಲ್ಲಿ ಎಲೆಕ್ಟ್ರಿಕಲ್ ಓದೋರು ಊರಿಗೆ ಹೋದಾಗ ಇದೊಂದನ್ನು ಹೇಳಿ ಬಂದರೂ ಸಾಕು.

ನಾವು ಮತ್ತೆ ಅಣ್ಣಿಗೇರಿ ಕಡೆ ಹೋದಾಗ ಗೆಳೆಯನ ಅಪ್ಪನ ಜೊತೆ ಸೇರಿ ನಾಲ್ಕು ಮೂಲೆಯನ್ನಷ್ಟೇ ಸರಿ ಮಾಡಿದ್ವಿ. ಮೂರಡಿ ಗುಂಡಿ, ಗರಸು, ಓರೆ ಆಸರೆ. ಕೈಯಲ್ಲಿ ಬೊಬ್ಬೆ ಬಂತು. ಒಂದು ಮೂಲೆ ಇನ್ನೂ ಸ್ವಲ್ಪ ಸೊಟ್ಟಗೇ ಇದೆ. ಸಸಿ ಮುಂಗಾರಿಗೆ ನೆಡಬೇಕು. ಅವರು ಹೊಸ ಮೂಲೆಗಂಬವನ್ನು ಎರಡು ಸಲ ಅಲ್ಲಾಡಿಸಿ ನೋಡಿದರು. "ಈ ಬ್ಯಾಸಗಿ ದಾಟಲಿ, ಆಮ್ಯಾಲ ಪಾಸೋ ಫೇಲೋ ಹೇಳ್ತೇನಿ" ಅಂದರು.

ರಿಸಲ್ಟ್‌ಗೆ ಕಾಯ್ತಾ ಇದ್ದೇವೆ.